ಹಳೆ ಸ್ಟೇಷನ್ ವ್ಯಾಗನ್, ಕೈಯಲ್ಲಿ ಕಡಿಮೆ ದುಡ್ಡು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಸ್ಟೇಷನ್ ವ್ಯಾಗನ್ (ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರು) ಎಂಟು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಬಣ್ಣ ಮಾಸಿದೆ, ಕೆಳಗಡೆ ಅಲ್ಲಲ್ಲಿ ತುಕ್ಕು ಕಾಣುತ್ತದೆ. ಎಂಜಿನ್ ಇನ್ನೂ ಚಾಲೂ ಮಾಡಿ ನೋಡಿಲ್ಲ. ಮಾರಲು ಮನಸ್ಸಿಲ್ಲ, ಒಟ್ಟಿಗೆ ದುಡ್ಡು ಸುರಿಯುವ ಶಕ್ತಿಯೂ ಇಲ್ಲ. ತಿಂಗಳು ತಿಂಗಳು ಸ್ವಲ್ಪ ಎತ್ತಿಡಬಲ್ಲೆ. ಮೊದಲು ಪೇಂಟ್ ಹೊಡೆಸಿಬಿಟ್ಟರೆ ಹುರುಪು ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಸರಿಯಾ?

ಉತ್ತರ: ಹುರುಪೇನೋ ಬರುತ್ತದೆ. ಆಮೇಲೆ ವೆಲ್ಡಿಂಗ್‌ಗೆ ಕೂತಾಗ ಆ ಹೊಸ ಪೇಂಟ್ ಸುಟ್ಟು ಹೋಗುತ್ತದೆ. ಪೇಂಟ್ ಕಟ್ಟಕಡೆಗೆ ಇರಲಿ.

ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಒಂದು ಟಾರ್ಚ್, ಒಂದು ಹಳೆ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್ ತೆಗೆದುಕೊಂಡು ಗಾಡಿಯ ಕೆಳಗೆ ನೋಡಿ. ಬರೀ ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಾತ್ರ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಬಾಗಿಲಿನ ಕೆಳಗಿನ ಪಟ್ಟಿ, ಕಾಲಿಡುವ ಜಾಗದ ತಗಡು, ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಸೀಟ್ ಬೆಲ್ಟ್ ಹಿಡಿದಿರುವ ಜಾಗ, ಸ್ಟೆಪ್ನಿ ಇಡುವ ಗುಂಡಿ, ಇಷ್ಟನ್ನೂ ಒತ್ತಿ ನೋಡಿ. ಸ್ಕ್ರೂಡ್ರೈವರ್ ತುದಿ ಒಳಗೆ ಇಳಿದರೆ ಅಲ್ಲಿ ತಗಡು ಸತ್ತಿದೆ. ಮೇಲೆ ನುಣ್ಣಗಿದ್ದೂ ಮ್ಯಾಗ್ನೆಟ್ ಹಿಡಿಯದಿದ್ದರೆ ಯಾರೋ ಹಿಂದೆ ಪುಟ್ಟಿ ತುಂಬಿದ್ದಾರೆ ಎಂದರ್ಥ.

ಮೇಲ್ಮೈ ತುಕ್ಕಿಗೆ ಹೆದರಬೇಡಿ. ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕನ್ನು ಗಟ್ಟಿ ಪದರವಾಗಿಸುವ ತುಕ್ಕು ಕನ್ವರ್ಟರ್ ಬಳಿದು, ನೀರು ಒಳಬಿಡದ ಎಪಾಕ್ಸಿ ಪ್ರೈಮರ್ ಹೊಡೆದರೆ ವರ್ಷಗಟ್ಟಲೆ ನಿಲ್ಲುತ್ತದೆ. ಮಾಮೂಲಿ ಪ್ರೈಮರ್ ಹೊಡೆದು ‘ಪೇಂಟ್ ಆಮೇಲೆ ನೋಡೋಣ’ ಎಂದು ಬಿಟ್ಟರೆ ಮಾತ್ರ ಕೆಟ್ಟಿರಿ. ಅದು ನೀರು ಕುಡಿಯುತ್ತದೆ, ಅಡಿಯಲ್ಲಿ ತುಕ್ಕು ಸುಮ್ನೆ ಬೆಳೆಯುತ್ತಿರುತ್ತದೆ. ಸಸ್ಪೆನ್ಷನ್ ಹಿಡಿಯುವ ಜಾಗವೇ ತೂತಾಗಿದ್ದರೆ ಬೇರೆ ಏನೂ ಕೊಳ್ಳುವ ಮೊದಲು ವೆಲ್ಡಿಂಗ್ ಖರ್ಚು ಎಷ್ಟೆಂದು ಕೇಳಿ. ಈ ಗಾಡಿಗೆ ದುಡ್ಡು ಹಾಕಬೇಕೋ ಬೇಡವೋ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಕೆಲವೊಮ್ಮೆ ಅದೇ ಮಾಡೆಲ್‌ನ ಗಟ್ಟಿ ಬಾಡಿ ಇರುವ, ಎಂಜಿನ್ ಕೆಟ್ಟ ಇನ್ನೊಂದು ಗಾಡಿ ತಂದು ಎರಡನ್ನು ಸೇರಿಸಿ ಒಂದು ಮಾಡುವುದೇ ಅಗ್ಗ.

ಈಗ ವ್ಯಾಗನ್‌ಗೇ ಸೇರಿದ ಮಾತು. ಹೆಚ್ಚಿನ ವ್ಯಾಗನ್‌ಗಳು ಯಾವುದೋ ಸೆಡಾನ್‌ನಿಂದ, ಅಂದರೆ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಕಾರಿನಿಂದ, ಹುಟ್ಟಿದವು. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್, ಹೆಡ್‌ಲೈಟ್, ಮುಂದಿನ ಬಾಗಿಲು ಎಲ್ಲ ಬಹುಪಾಲು ಆ ಸೆಡಾನ್‌ನದ್ದೇ. ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಸಿಗದೇ ಇರುವುದು ಹಿಂದಿನ ಅರ್ಧ: ಹಿಂಬಾಗಿಲು, ಅದರ ಗಾಜು, ಅದರ ಸುತ್ತಲಿನ ಬೀಡಿಂಗ್ ರಬ್ಬರ್, ಪಕ್ಕದ ಉದ್ದನೆಯ ಗಾಜು, ಹಿಂದಿನ ಲೈಟು, ಸಾಮಾನು ಇಡುವ ನೆಲದ ಹಲಗೆ. ಆದ್ದರಿಂದ ಅಲ್ಲಿನ ಒಂದು ಒಡಕು ಪ್ಲಾಸ್ಟಿಕ್ ತುಂಡನ್ನೂ ಬಿಸಾಡಬೇಡಿ. ಒಳಗಿನ ಪ್ಯಾನೆಲ್ ಬಿಚ್ಚುವಾಗ ಕ್ಲಿಪ್ ಮುರಿಯದಂತೆ ಬಿಚ್ಚಿ, ಮೊದಲು ಫೋಟೋ ತೆಗೆದುಕೊಳ್ಳಿ, ಸ್ಕ್ರೂಗಳನ್ನು ಕವರಿಗೆ ಹಾಕಿ ಹೆಸರು ಬರೆಯಿರಿ.

ಹಿಂದಿನ ಸಸ್ಪೆನ್ಷನ್ ವಿಷಯದಲ್ಲಿ ಸೆಡಾನ್ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಪೆಜೊ 505 ವ್ಯಾಗನ್‌ನ ವೀಲ್‌ಬೇಸೇ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಸೆಡಾನ್‌ಗಿಂತ ಉದ್ದ. 1978ರಿಂದ 1986ರವರೆಗೆ ಬಂದ ಮರ್ಸಿಡಿಸ್ ಎಸ್123 ವ್ಯಾಗನ್‌ಗೆ ಹಿಂದೆ ಎತ್ತರವನ್ನು ತಾನೇ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆ ಇದೆ, ಸೆಡಾನ್‌ನ ಶಾಕ್ ಅಬ್ಸಾರ್ಬರ್ ತಂದು ಕೂರಿಸಲು ಬರುವುದಿಲ್ಲ. ಪಾರ್ಟ್ ನಂಬರ್ ನೋಡದೆ ಏನನ್ನೂ ಕೊಳ್ಳಬೇಡಿ.

ಎಂಜಿನ್ ವಿಷಯದಲ್ಲಿ ಒಂದೇ ಬೇಡಿಕೆ: ಹೊಸ ಬ್ಯಾಟರಿ ಹಾಕಿ ನೇರ ಸೆಲ್ಫ್ ಹೊಡೆಯಬೇಡಿ. ನಿಮ್ಮದು ಪೆಟ್ರೋಲ್ ಗಾಡಿ ಎಂದುಕೊಂಡು ಹೇಳುತ್ತೇನೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ತುದಿಯಲ್ಲಿ ಬೆಲ್ಟ್ ಓಡಿಸುವ ಗಾಲಿ) ಬೋಲ್ಟಿಗೆ ಸ್ಪಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿತಾ, ಅರ್ಧ ಗೆದ್ದಿರಿ. ಹಳೆ ಪೆಟ್ರೋಲನ್ನು ಪೂರ್ತಿ ಇಳಿಸಿ, ಅದು ಅಂಟಂಟಾಗಿ ಪಂಪು, ಕಾರ್ಬುರೇಟರ್ ಎಲ್ಲ ಕಟ್ಟಿಸುತ್ತದೆ. ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್‌ಗಳ ಲಯಕ್ಕೆ ನಡೆಸುವ ಬೆಲ್ಟ್) ಇರುವ ಎಂಜಿನ್ ಆದರೆ ಚಾಲೂ ಮಾಡುವ ಮೊದಲೇ ಬೆಲ್ಟ್ ಬದಲಿಸಿ. ಹಲವು ಎಂಜಿನ್‌ಗಳಲ್ಲಿ ಅದು ಕಿತ್ತುಹೋದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ನಿಮ್ಮ ಬಜೆಟ್ ಅಲ್ಲಿಗೇ ಮುಗಿಯುತ್ತದೆ.

ಚಾಲೂ ಆದ ಮೇಲೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಪರೀಕ್ಷೆ) ಮಾಡಿಸಿ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ತಪ್ಪು ಹೆಚ್ಚಾಗಿ ವಾಲ್ವಿನಲ್ಲಿ. ‘ಎಂಜಿನ್ ಪೂರ್ತಿ ಬಿಚ್ಚಲೇಬೇಕು’ ಎಂದು ಯಾರಾದರೂ ಹೇಳಿದರೆ ಈ ನಂಬರ್ ಕೇಳಿ. ನಂಬರ್ ಇಲ್ಲದ ಸಲಹೆಗೆ ದುಡ್ಡು ಕೊಡಬೇಡಿ.

ಜಾಸ್ತಿ ದುಡ್ಡು ಹೋಗಬೇಕಾದದ್ದು ಬ್ರೇಕಿಗೆ, ಟೈರಿಗೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ ಮಾತ್ರ. ಎಂಟು ವರ್ಷದ ಫ್ಲೂಯಿಡ್ ಇಳಿಜಾರಿನಲ್ಲಿ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ರಬ್ಬರ್ ಹೋಸ್, ವೀಲ್ ಸಿಲಿಂಡರ್ ಎಲ್ಲ ಹೊಸದಾಗಲಿ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ: 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳವಾಗಿರಲಿ, ಅಷ್ಟು ಹಳೆಯ ರಬ್ಬರನ್ನು ನಂಬಬೇಡಿ.

ಪ್ರಶ್ನೆ: ನಮ್ಮ ಹಳೆ ವ್ಯಾಗನ್ ಓಡುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಹೊಗೆ ವಾಸನೆ ಬರುತ್ತದೆ. ಮಳೆ ಬಂದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು. ಸೈಲೆನ್ಸರ್ ನೋಡಿಸಿದೆ, ತೂತಿಲ್ಲ ಎಂದರು.

ಉತ್ತರ: ಎರಡಕ್ಕೂ ಕಾರಣ ಒಂದೇ ಇರಬಹುದು, ಹಿಂಬಾಗಿಲಿನ ಬೀಡಿಂಗ್. ಓಡುವ ವ್ಯಾಗನ್‌ನ ನೆಟ್ಟಗಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸೈಲೆನ್ಸರ್ ಬಿಟ್ಟ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಸಣ್ಣ ಸಂದು ಸಿಕ್ಕರೂ ಒಳಗೆ ನುಗ್ಗುತ್ತದೆ. ಮುಂದಿನ ಗಾಜು ಮುಚ್ಚಿ ಹಿಂದಿನದು ಮಾತ್ರ ತೆರೆದರೆ ಇನ್ನೂ ಜಾಸ್ತಿ. ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಸರಿ ಮಾಡುವವರೆಗೆ ಯಾರನ್ನೂ ಹಿಂದೆ ಕೂರಿಸಬೇಡಿ.

ಪತ್ತೆ ಹಚ್ಚುವುದು ಸುಲಭ. ರಬ್ಬರಿನ ಸುತ್ತ ಸೀಮೆಸುಣ್ಣ ಉಜ್ಜಿ, ಬಾಗಿಲು ಹಾಕಿ, ತೆಗೆಯಿರಿ. ತಗಡಿನ ಮೇಲೆ ಬಿಳಿ ಗುರುತು ಎಲ್ಲಿ ತುಂಡಾಗಿದೆಯೋ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ನೀರಿಗಾದರೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ. ಮೊದಲೇ ಮೇಲಿನಿಂದ ಬಿಟ್ಟರೆ ನೀರು ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ. ಹಿಂದಿನ ಲೈಟಿನ ಗ್ಯಾಸ್ಕೆಟ್, ಪಕ್ಕದ ಗಾಜಿನ ರಬ್ಬರ್, ಮೇಲಿನ ಕ್ಯಾರಿಯರ್‌ನ ಬೋಲ್ಟ್ ತೂತು, ಇವನ್ನೂ ಬಿಡಬೇಡಿ. ಕ್ಯಾರಿಯರ್ ಬೋಲ್ಟಿನಿಂದ ಇಳಿದ ನೀರು ಲೈನಿಂಗ್ ಒಳಗೇ ಹರಿದು ಎಲ್ಲೋ ಹಿಂದೆ ತೊಟ್ಟಿಕ್ಕುತ್ತದೆ.

ಹೊಸ ಬೀಡಿಂಗ್ ಸಿಗದಿದ್ದರೆ ಹಳೆಯದರ ಒಂದು ಸಣ್ಣ ತುಂಡು ಕತ್ತರಿಸಿಕೊಂಡು ಹೋಗಿ, ಅದೇ ಆಕಾರದ, ಅದೇ ಗಾತ್ರದ ರಬ್ಬರನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಬಹುದು. ಜೋಡಣೆ ಬಾಗಿಲಿನ ಕೆಳಗಡೆ ಬರಲಿ. ಸಿಲಿಕಾನ್ ತುಂಬಿ ಮುಗಿಸಿಬಿಡುತ್ತೇನೆ ಎಂದು ಯಾರಾದರೂ ಬಂದರೆ ಬೇಡ ಎನ್ನಿ. ಆಮೇಲೆ ಅದನ್ನು ಕೆರೆಯುವುದೇ ಒಂದು ದೊಡ್ಡ ರಗಳೆ.

ಪ್ರಶ್ನೆ: ಹಿಂದಿನ ವೈಪರ್ ಮತ್ತು ನಂಬರ್ ಪ್ಲೇಟ್ ಲೈಟು ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತವೆ. ಮೋಟರ್ ಬದಲಿಸಬೇಕೇ?

ಉತ್ತರ: ಮೋಟರ್ ಮುಟ್ಟಬೇಡಿ. ಹಿಂಬಾಗಿಲಿನ ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ವೈರುಗಳು ಬಾಗಿಲಿಗೆ ಹೋಗುತ್ತವೆ ಅಲ್ವಾ, ಅದನ್ನು ಹಿಂದಕ್ಕೆ ಜಾರಿಸಿ. ಸಾವಿರಾರು ಸಲ ಮಡಚಿದ ವೈರು ಹೊರಗೆ ಸರಿಯಾಗಿ ಕಂಡರೂ ಒಳಗಿನ ತಾಮ್ರ ಕಡಿದಿರುತ್ತದೆ. ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿ. ಕಡಿದದ್ದು ರಬ್ಬರಿನಂತೆ ಹಿಗ್ಗುತ್ತದೆ. ಆ ಭಾಗಕ್ಕೆ ಮೆತ್ತನೆಯ ಸಿಲಿಕಾನ್ ವೈರು ಸೇರಿಸಿ, ಜಾಯಿಂಟು ಮಡಿಕೆಯಲ್ಲಿ ಬರದಂತೆ ದೂರ ಮಾಡಿ. ಕೆಲಸ ಮಾಡುವಾಗ ಹಿಂಬಾಗಿಲಿಗೆ ಒಂದು ಗಟ್ಟಿ ಕೋಲು ಕೊಡಿ, ಅದನ್ನು ಎತ್ತಿ ಹಿಡಿಯುವ ಹಳೆ ಗ್ಯಾಸ್ ಸ್ಟ್ರಟ್‌ಗಳು ಹೇಳದೆ ಕೇಳದೆ ಕುಸಿಯುತ್ತವೆ.

ಪ್ರಶ್ನೆ: ಗಾಡಿಯ ಹಿಂಭಾಗ ತಗ್ಗಿ ಕೂತಿದೆ. ಸ್ಪ್ರಿಂಗ್ ಮಧ್ಯೆ ರಬ್ಬರ್ ತುಂಡು ಇಟ್ಟು ಎತ್ತಿಸಲಾ?

ಉತ್ತರ: ಬೇಡ. ಎರಡೂ ಸ್ಪ್ರಿಂಗ್ ಜೋಡಿಯಾಗಿ ಬದಲಿಸಿ. ಹಲವು ವ್ಯಾಗನ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಕಟ್ಟಿದ ಒಂದು ವಾಲ್ವ್ ಇರುತ್ತದೆ, ಭಾರ ಬಿದ್ದು ಗಾಡಿ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುತ್ತದೆ. ನೀವು ಸುಮ್ನೆ ಎತ್ತರಿಸಿದರೆ ಅದು ಗಾಡಿ ಖಾಲಿ ಇದೆ ಎಂದುಕೊಳ್ಳುತ್ತದೆ, ತುಂಬಿದ ಗಾಡಿಗೆ ಹಿಂದಿನ ಬ್ರೇಕ್ ಸಾಲುವುದಿಲ್ಲ. ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಆ ವಾಲ್ವಿನ ಸೆಟ್ಟಿಂಗನ್ನು ಗಾಡಿಯ ರಿಪೇರಿ ಪುಸ್ತಕ ನೋಡಿ ಸರಿ ಮಾಡಿಸಿ. ಅದರ ಲಿಂಕ್ ತುಕ್ಕು ಹಿಡಿದು ಕೂತಿದ್ದರೆ ಮೊದಲು ಅದನ್ನು ಬಿಡಿಸಬೇಕು.