ಮೊಲ ನಿನ್ನೆಯಿಂದ ಹುಲ್ಲು ಮುಟ್ಟುತ್ತಿಲ್ಲ, ತಾನಾಗೇ ಸರಿಹೋಗುತ್ತಾ?

ಇಲ್ಲ, ಸರಿಹೋಗಲಿ ಅಂತ ಕಾಯಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಅವರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಕೇಳಿಕೊಳ್ಳಿ, ಆಮೇಲೆ ಇದನ್ನು ಓದಿ.

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು. ಗಂಗಾವತಿಯಲ್ಲಿದ್ದೀರಿ, ಮಗಳು ಸಾಕಿದ ಬಿಳಿ ಮೊಲ. ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ. ಬಿಸ್ಕತ್ತು ಹಿಡಿದರೆ ಮೂಸುತ್ತದೆ, ಒಂದು ಚೂರು ಕಡಿದು ಬಿಟ್ಟುಬಿಡುತ್ತದೆ. ಮೂಲೆಯಲ್ಲಿ ಮುದುರಿ ಕೂತಿರುತ್ತದೆ, ಹಿಕ್ಕೆ ಕಡಿಮೆಯಾಗಿದೆ. ಬಿಸಿಲಿಗೆ ಹಾಗಾಗಿರಬೇಕು, ಇನ್ನೆರಡು ದಿನ ನೋಡೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಆ ಎರಡು ದಿನ ನಿಮ್ಮ ಮೊಲದ ಹತ್ತಿರ ಇಲ್ಲ. ನಾಯಿ ಒಂದು ದಿನ ಉಪವಾಸ ಇದ್ದರೆ ನಡೆಯುತ್ತದೆ, ಮೊಲಕ್ಕೆ ನಡೆಯುವುದಿಲ್ಲ. ಅದರ ಕರುಳು ಹಗಲು ರಾತ್ರಿ ಓಡುತ್ತಲೇ ಇರಬೇಕು, ಅದನ್ನು ಓಡಿಸುವುದು ಹುಲ್ಲಿನ ನಾರು. ಒಂದು ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಅಥವಾ ಅಷ್ಟು ಹೊತ್ತು ಹಿಕ್ಕೆ ಹಾಕಲಿಲ್ಲ ಅಂದರೆ ಅದನ್ನು ತುರ್ತು ಅಂತಲೇ ತಿಳಿಯಬೇಕು. ನಾನು ಬಳ್ಳಾರಿಯಲ್ಲಿದ್ದೇನೆ, ನಮ್ಮ ಮನೆಯಲ್ಲಿ ವರ್ಷಗಳಿಂದ ಮೊಲಗಳಿವೆ. ನಮ್ಮ ಓಣಿಯಲ್ಲಿ "ನಾಳೆ ನೋಡೋಣ" ಅಂತ ಬಿಟ್ಟು ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊರಡುವ ಮೊದಲು ಐದು ನಿಮಿಷ ಮೊಲದ ಹತ್ತಿರ ಕೂತು ನೋಡಿ. ಮೊದಲು ಹಿಕ್ಕೆ. ಚೆನ್ನಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ದುಂಡಗೆ, ಒಣಗಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರುತ್ತವೆ, ಒಡೆದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತದೆ. ಅವು ಸಣ್ಣದಾಗಿ, ಗಟ್ಟಿಯಾಗಿ, ಕಪ್ಪಾಗಿ, ಸೊಟ್ಟಗೆ ಆಗಿದ್ದರೆ ಕರುಳು ನಿಧಾನವಾಗಿದೆ ಅಂತ ಅರ್ಥ. ಪೂರ್ತಿ ನಿಂತಿದ್ದರೆ ಕರುಳೂ ನಿಂತಂತೆಯೇ. ಆಮೇಲೆ ಹೊಟ್ಟೆ ಮೆಲ್ಲಗೆ ಮುಟ್ಟಿ: ಮೆತ್ತಗಿದೆಯಾ, ಬಿಗಿದಿದೆಯಾ? ಕಿವಿ ಮುಟ್ಟಿ: ತಣ್ಣಗಿದೆಯಾ, ಸುಡುತ್ತಿದೆಯಾ? ಗದ್ದದ ಕೆಳಗೆ ಜೊಲ್ಲಿನಿಂದ ಒದ್ದೆ ಇದೆಯಾ? ಇವಿಷ್ಟನ್ನೂ ಡಾಕ್ಟರಿಗೆ ಹೇಳಿ. ಇದ್ದಬದ್ದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಸಂಕೋಚ ಬೇಡ, ಅದು ಅವರಿಗೆ ನಿಜವಾಗಲೂ ಕೆಲಸಕ್ಕೆ ಬರುತ್ತದೆ.

ನೋವಿದ್ದರೆ ಹೇಗೆ ತಿಳಿಯುತ್ತದೆ ಅಂತ ಕೇಳಬಹುದು, ಯಾಕೆಂದರೆ ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ, ನರಳುವುದಿಲ್ಲ. ನಮ್ಮ ಮನೆಯ ಮೊಲ ಕೆಂಪಿಗೆ ಒಂದು ಬೇಸಿಗೆಯಲ್ಲಿ ಹೀಗೇ ಆಗಿತ್ತು. ಮುಂಗಾಲು ಒಳಗೆ ಎಳೆದುಕೊಂಡು, ಹೊಟ್ಟೆ ನೆಲಕ್ಕೆ ತಾಗದಂತೆ ಬೆನ್ನು ಎತ್ತಿ ಕೂತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಕಿವಿ ಹತ್ತಿರ ಇಟ್ಟು ಕೇಳಿದರೆ ಕಟಕಟ ಅಂತ ಹಲ್ಲು ಕಡಿಯುವ ಸದ್ದು. ತಲೆ ಸವರುವಾಗ ಮೊಲ ಖುಷಿಗೆ ಮೆಲ್ಲಗೆ ಹಲ್ಲು ಆಡಿಸುವುದುಂಟು, ಅದು ಬೇರೆ. ಇದು ಜೋರಾಗಿ, ಬಿಟ್ಟು ಬಿಟ್ಟು ಬರುತ್ತಿತ್ತು. ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ಕತ್ತಿನ ಹಿಂದಿನ ಚರ್ಮ ಎತ್ತಿ ಸಲೈನ್ ಬಿಟ್ಟರು. ಅಲ್ಲಿ ನೀರಿನ ಗುಳ್ಳೆ ಎದ್ದು ಸ್ವಲ್ಪ ಹೊತ್ತಿಗೆ ಇಳಿದುಹೋಯಿತು. ರಾತ್ರಿಯೆಲ್ಲಾ ಸ್ವಲ್ಪ ಸ್ವಲ್ಪ ತಿನ್ನಿಸಿದ ಮೇಲೆ ಬೆಳಗಿನ ಜಾವಕ್ಕೆ ಮೂರ್ನಾಲ್ಕು ಹಿಕ್ಕೆ ಬಂತು. ಸಣ್ಣವು, ಕೂದಲಿನಲ್ಲಿ ಒಂದಕ್ಕೊಂದು ಪೋಣಿಸಿಕೊಂಡಿದ್ದವು. ಅದನ್ನು ನೋಡಿ ಮನೆಯವರಿಗೆಲ್ಲ ಆದ ಸಂತೋಷ ಅಷ್ಟಿಷ್ಟಲ್ಲ.

ಕೂದಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಹೊಟ್ಟೆಯಲ್ಲಿ ಕೂದಲು ಸಿಕ್ಕಿಕೊಂಡಿದೆ, ಎಣ್ಣೆ ಕುಡಿಸಿ, ಅನಾನಸ್ ರಸ ಕುಡಿಸಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊಲ ಮೈ ನೆಕ್ಕಿಕೊಳ್ಳುವ ಪ್ರಾಣಿ, ಅದರ ಹೊಟ್ಟೆಯಲ್ಲಿ ಕೂದಲು ಯಾವಾಗಲೂ ಇರುತ್ತದೆ. ಕರುಳು ಓಡುತ್ತಿದ್ದರೆ ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಓಟ ನಿಂತು ನೀರಿನ ಅಂಶ ಆರಿದಾಗ ಗಡ್ಡೆ ಕಟ್ಟುತ್ತದೆ. ಅಂದರೆ ಬಹಳ ಸಲ ಕೂದಲು ಕಾರಣ ಅಲ್ಲ, ಪರಿಣಾಮ. ಎಣ್ಣೆ ಕುಡಿಸಲು ಹೋಗಿ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅಪಾಯ.

ಒಳಗೆ ಏನಾಗುತ್ತದೆ ಅಂದರೆ, ಮೊಲದ ದೊಡ್ಡ ಕರುಳಿನ ಶುರುವಿನಲ್ಲಿ ಒಂದು ದೊಡ್ಡ ಚೀಲ ಇದೆ. ಅದರ ತುಂಬ ಒಳ್ಳೆಯ ಸೂಕ್ಷ್ಮಜೀವಿಗಳು, ಹುಲ್ಲನ್ನು ಕೊಳೆಸಿ ಆಹಾರ ಮಾಡಿಕೊಡುವುದು ಅವೇ. ಹಾಗೆ ತಯಾರಾದದ್ದು ಮೆತ್ತನೆಯ, ಹೊಳೆಯುವ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆಯಾಗಿ ಹೊರಗೆ ಬರುತ್ತದೆ, ಮೊಲ ಅದನ್ನು ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಅಸಹ್ಯ ಪಟ್ಟು ತಡೆಯಬೇಡಿ, ಅದರ ವಿಟಮಿನ್, ಪ್ರೋಟೀನ್ ಅದರಲ್ಲೇ ಇದೆ. ನಾವು ಬಿಸ್ಕತ್ತು, ಮಂಡಕ್ಕಿ, ಅನ್ನ, ರೊಟ್ಟಿ, ನೆನೆಸಿದ ಕಡಲೆ ಹಾಕಿದಾಗ ಪಿಷ್ಟ ಮತ್ತು ಸಕ್ಕರೆ ಆ ಚೀಲಕ್ಕೆ ಹೋಗಿ ಕೆಟ್ಟ ಜೀವಿಗಳು ಹೆಚ್ಚುತ್ತವೆ, ಗ್ಯಾಸ್ ತುಂಬುತ್ತದೆ, ನೋವು ಬರುತ್ತದೆ, ನೋವಿಗೆ ತಿನ್ನುವುದಿಲ್ಲ, ತಿನ್ನದಿದ್ದಕ್ಕೆ ಕರುಳು ಇನ್ನೂ ನಿಧಾನವಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಒಳಗೆ ಹೋದದ್ದು ಹಿಂದೆ ಬರುವ ದಾರಿಯೇ ಇಲ್ಲ. ದಪ್ಪ ಮೊಲ ಆದರೆ ಉಪವಾಸಕ್ಕೆ ಲಿವರ್ ಕೂಡ ಬೇಗ ಕೆಡುತ್ತದೆ.

ಈಗ ದವಾಖಾನೆಯ ವಿಷಯ. ನಮ್ಮ ಕಡೆ ದನದ ದವಾಖಾನೆಗೆ ಬರುವುದು ಎಮ್ಮೆ, ಆಕಳು, ಕುರಿ, ಮೇಕೆ. ಮೊಲ ಅಪರೂಪ. ಆದರೂ ಹೋಗಿ. ನೀರಿನಂಶ, ನೋವಿನ ಔಷಧಿ, ಬೇಕಾದರೆ ಎಕ್ಸ್‌ರೇ, ಇವು ಯಾವ ಪಶುವೈದ್ಯರಿಗೂ ಗೊತ್ತಿರುವ ಕೆಲಸಗಳೇ. ಒಂದು ಮಾತು ಮಾತ್ರ ವಿನಯವಾಗಿ, ಆದರೆ ಮರೆಯದೆ ಹೇಳಿ: "ಸರ್, ಇದು ಮೊಲ, ಬಾಯಿಂದ ಅಮಾಕ್ಸಿಸಿಲಿನ್ ಬೇಡ ಅಲ್ವಾ?" ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಇವನ್ನು ಬಾಯಿಂದ ಕೊಟ್ಟರೆ ಆ ಚೀಲದ ಒಳ್ಳೆಯ ಜೀವಿಗಳು ಸತ್ತು, ವಿಷ ಮಾಡುವ ಜೀವಿಗಳು ಬೆಳೆದು ಮೊಲ ಸಾಯಬಹುದು. ಮನೆಯಲ್ಲಿ ಮಕ್ಕಳಿಗೆ ತಂದ ಸಿರಪ್ ಉಳಿದಿದೆ ಅಂತ ಹಾಕುವುದಂತೂ ಬೇಡವೇ ಬೇಡ. ಹಾಗೆಯೇ ಚಿಗಟ, ಉಣ್ಣೆಗೆ ಅಂತ ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ.

ಡಾಕ್ಟರ್ ಸಿಗುವವರೆಗೆ ಏನು ಮಾಡಬೇಕು? ಮೊಲವನ್ನು ನೆರಳಿನ, ಸದ್ದಿಲ್ಲದ ಕೋಣೆಯಲ್ಲಿ ಇಡಿ. ನೀರು ಬಟ್ಟಲಿನಲ್ಲಿ ಇಡಿ, ಬಾಟಲಿ ನಳಿಕೆಯಲ್ಲಿ ಅದು ಸರಿಯಾಗಿ ಕುಡಿಯುವುದಿಲ್ಲ. ಹೊಟ್ಟೆ ಮೆತ್ತಗಿದ್ದು ಮೊಲ ಎಚ್ಚರವಾಗಿದ್ದರೆ ಮಾತ್ರ, ಪೆಲೆಟ್ (ಅಂಗಡಿಯಲ್ಲಿ ಸಿಗುವ ಮೊಲದ ಗುಳಿಗೆಯಂಥ ಆಹಾರ) ಇದ್ದರೆ ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ಕಿವುಚಿ, ತಣ್ಣಗಾದ ಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಇರುವ ಸಂದಿನಲ್ಲಿ, ಒಂದೊಂದೇ ಎಂ.ಎಲ್. ಬಿಡಿ. ಅಗಿದು ನುಂಗುವವರೆಗೆ ಕಾಯಿರಿ, ಆಮೇಲೆ ಮುಂದಿನದು. ಅಂಗಾತ ಮಲಗಿಸಿ ಕುಡಿಸಬೇಡಿ. ಹೊಟ್ಟೆ ಬಿಗಿದು ಉಬ್ಬಿದ್ದರೆ, ಮೊಲ ಜೋತುಬಿದ್ದಿದ್ದರೆ ಒಂದು ತೊಟ್ಟೂ ಹಾಕಬೇಡಿ. ಕರುಳು ಎಲ್ಲಾದರೂ ಕಟ್ಟಿಕೊಂಡಿದ್ದರೆ ತಿನ್ನಿಸಿದಷ್ಟೂ ಕೆಡುಕು. ಕಿವಿ, ಮೈ ತಣ್ಣಗಿದ್ದರೆ ಟವೆಲಿನಲ್ಲಿ ಸುತ್ತಿ, ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಕಟ್ಟಿ ಪಕ್ಕದಲ್ಲಿಡಿ.

ಬಿಸಿಲು ಕಾರಣ ಇರಬಹುದಾ ಅಂತ ಕೇಳಿದ್ದೀರಿ. ಖಂಡಿತ ಇರಬಹುದು. ಮೊಲಕ್ಕೆ ಬೆವರು ಬರುವುದಿಲ್ಲ, ಮೈಯ ಕಾವು ಹೋಗುವುದು ಬಹುಪಾಲು ಕಿವಿಯಿಂದ. 28, 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳು 40 ದಾಟುವುದು ಮಾಮೂಲು. ಅಂಥಾದ್ದರಲ್ಲಿ ಮಾಳಿಗೆ ಮೇಲೆ ತಗಡಿನ ಶೀಟ್ ಕೆಳಗೆ ಪಂಜರ ಇಡುತ್ತಾರೆ! ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮದೂ ಮಾಳಿಗೆ ಮೇಲಿದ್ದರೆ ಇವತ್ತೇ ಕೆಳಗೆ ತನ್ನಿ. ಹಳೆಯ ಮನೆಯಾಗಿ ಶಹಾಬಾದ್ ಬಂಡೆ ಹಾಸಿದ್ದರೆ ಒಳ್ಳೆಯದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತಣ್ಣಗೆ ಇರುತ್ತದೆ, ಮೊಲ ತಾನೇ ಹೋಗಿ ಅಲ್ಲಿ ಚಾಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಾವು ಫ್ರೀಜರಿನಲ್ಲಿ ಇಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಡುತ್ತೇವೆ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇವೆ. ಕಿವಿ ಸುಡುತ್ತಿದ್ದು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿ, ತಕ್ಷಣ ಹೊರಡಿ. ಐಸ್ ನೀರು ಬೇಡ, ಬಕೆಟಿನಲ್ಲಿ ಮುಳುಗಿಸುವುದೂ ಬೇಡ. ಒಂದು ಕೆಜಿ ತೂಕದ ಮೊಲಕ್ಕೆ ದಿನಕ್ಕೆ ಸುಮಾರು 50ರಿಂದ 150 ಎಂ.ಎಲ್. ನೀರು ಬೇಕು, ಬೇಸಿಗೆಯಲ್ಲಿ ಜಾಸ್ತಿ. ನೀರು ಕಾದು ಬಿಸಿಯಾಗಿದ್ದರೆ ಅದು ಕುಡಿಯಲ್ಲ, ಕುಡಿಯದಿದ್ದರೆ ತಿನ್ನಲ್ಲ.

ಆದರೆ ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಬಿಸ್ಕತ್ತನ್ನು ಕಡಿದು ಬಿಡುತ್ತದೆ ಅಂದದ್ದು. ತಿನ್ನಲು ಮನಸ್ಸಿದೆ, ಬಾಯಿಗೆ ತೆಗೆದುಕೊಳ್ಳುತ್ತದೆ, ಬೀಳಿಸುತ್ತದೆ ಅಂದರೆ ಹಲ್ಲು ನೋಡಿಸಬೇಕು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್. ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಸವೆಯುತ್ತದೆ, ಬಿಸ್ಕತ್ತಿಗೆ ಸವೆಯುವುದಿಲ್ಲ. ಹಿಂದಿನ ದವಡೆ ಹಲ್ಲಿನಲ್ಲಿ ಮೊನೆ ಬೆಳೆದು ನಾಲಿಗೆ, ಕೆನ್ನೆ ಚುಚ್ಚುತ್ತದೆ. ಅದು ಹೊರಗಿಂದ ಕಾಣುವುದಿಲ್ಲ, ಡಾಕ್ಟರ್ ಬಾಯೊಳಗೆ ಬೆಳಕು ಬಿಟ್ಟು ನೋಡಬೇಕು. ಮುಂದಿನ ಹಲ್ಲು ಉದ್ದವಾಗಿದೆ ಅಂತ ನೇಲ್ ಕಟರ್ ಹಿಡಿಯಬೇಡಿ, ಹಲ್ಲು ಬುಡದವರೆಗೆ ಸೀಳುತ್ತದೆ.

ಗುಣವಾದ ಮೇಲೆ ಊಟ ಬದಲಿಸಲೇಬೇಕು. ತಿನ್ನುವುದರಲ್ಲಿ ನೂರಕ್ಕೆ 80 ಭಾಗ ಹುಲ್ಲೇ ಇರಬೇಕು, ಅದು ಹಗಲು ರಾತ್ರಿ ಎದುರಿಗೇ ಇರಬೇಕು. ಆನ್‌ಲೈನಿನಲ್ಲಿ ಬರುವ ಟಿಮೊಥಿ ಹುಲ್ಲು ಒಳ್ಳೆಯದೇ, ಆದರೆ ದುಬಾರಿ. ಗಣಪತಿಗೆ ಏರಿಸುವ ಕರಿಕೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ, ಮೊಲ ಅದನ್ನು ಪ್ರೀತಿಯಿಂದ ತಿನ್ನುತ್ತದೆ. ನೇಪಿಯರ್, ಗಿನಿ ಹುಲ್ಲೂ ಆಗುತ್ತದೆ, ಮಾರ್ಕೆಟಿನಲ್ಲಿ ಹಸಿ ಹುಲ್ಲಿನ ಸಿವುಡು ಮಾರುವವರನ್ನು ಕೇಳಿ. ನೆರಳಿನಲ್ಲಿ ತೆಳ್ಳಗೆ ಹರಡಿ, ತಿರುವಿ ಹಾಕಿದರೆ ನಮ್ಮ ಕಡೆಯ ಒಣ ಗಾಳಿಗೆ ಬೇಗ ಒಣಗುತ್ತದೆ. ಬೂಷ್ಟು ವಾಸನೆ ಬಂದರೆ ಎಸೆಯಿರಿ. ಗಂಗಾವತಿಯಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ, ಮೆತ್ತನೆ ಹಾಸಿಗೆಗೆ ಅದು ಚೆನ್ನಾಗಿದೆ, ಕಡಿದರೂ ತೊಂದರೆ ಇಲ್ಲ, ಆದರೆ ಅದರಲ್ಲಿ ಸತ್ವ ಕಡಿಮೆ, ಅದೊಂದೇ ಊಟ ಆಗಬಾರದು. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮರಿಗಳಿಗೆ ಸರಿ. ದೊಡ್ಡ ಮೊಲಕ್ಕೆ ದಿನಾ ಹಾಕಿದರೆ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರದಲ್ಲಿ ಮರಳು ಕಟ್ಟುತ್ತದೆ. ಎಳೆ ಜೋಳದ ಪೈರು ಬೇಡ, ಅದರ ವಿಷ ದನಗಳಿಗೇ ಆಗುವುದು ರೈತರಿಗೆಲ್ಲ ಗೊತ್ತು. ಕಾಂಗ್ರೆಸ್ ಹುಲ್ಲು ಬೇಡ.

ಇನ್ನೊಂದು, ಇದು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು. ಹತ್ತಿ, ಮೆಣಸಿನಕಾಯಿ, ಭತ್ತ, ಮೂರಕ್ಕೂ ಔಷಧಿ ಹೊಡೆಯುತ್ತಲೇ ಇರುತ್ತಾರೆ. ಆ ಹೊಲದ ಬದುವಿನ ಹುಲ್ಲು, ಕಳೆನಾಶಕ ಬಿದ್ದ ಕಾಲುವೆ ದಂಡೆಯ ಹುಲ್ಲು ಎಷ್ಟೇ ಹಸಿರಾಗಿದ್ದರೂ ತರಬೇಡಿ. ಯಾರ ಹೊಲ, ಯಾವಾಗ ಹೊಡೆದಿದ್ದಾರೆ ಅಂತ ಕೇಳಿಯೇ ಕೊಯ್ಯಿರಿ.

ಸೊಪ್ಪು ದಿನಕ್ಕೆ ಒಂದು ಹಿಡಿ ಸಾಕು: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು. ಕ್ಯಾರೆಟ್ ಗಡ್ಡೆ ಸಿಹಿ, ಅದು ಒಂದು ತುಂಡು ಮಾತ್ರ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ. ಪೆಲೆಟ್ ಕೊಡುವುದಾದರೆ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟದಿರಲಿ.

ಬಿಸ್ಕತ್ತು ಮತ್ತು ಮಂಡಕ್ಕಿ ನಿಲ್ಲಿಸಿ. ಹುಲ್ಲು ತಿನ್ನಲು ಶುರು ಮಾಡಿದ ಮೇಲೆ ಹೊಸ ಸೊಪ್ಪನ್ನು ಒಂದೊಂದಾಗಿ, ಎರಡು ಮೂರು ವಾರದಲ್ಲಿ ಸೇರಿಸಿ. ಮಗಳಿಗೆ ಬೇಜಾರಾಗಬಹುದು, ಬಿಸ್ಕತ್ತು ಕೊಡುವುದೇ ಅವಳ ಪ್ರೀತಿ. ದಿನಾ ಬೆಳಗ್ಗೆ ಪಂಜರ ಗುಡಿಸಿ ಹಿಕ್ಕೆ ನೋಡುವ ಕೆಲಸ ಅವಳಿಗೇ ಕೊಡಿ. ಕಡಿಮೆಯಾದ ದಿನ ಮನೆಯಲ್ಲಿ ಮೊದಲು ಗೊತ್ತಾಗುವುದು ಅವಳಿಗೇ.

ಡಾಕ್ಟರ್ ಏನಂದರು, ಹಲ್ಲು ನೋಡಿದರಾ, ಯಾವ ಔಷಧಿ ಬರೆದರು ಅಂತ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ. ಈಗ ಹೊರಡಿ. ಬಿಸಿಲಿನಲ್ಲಿ ಹೋಗುವುದಾದರೆ ರಟ್ಟಿನ ಡಬ್ಬಿಗೆ ಗಾಳಿಯಾಡುವಂತೆ ತೂತು ಮಾಡಿ, ಒಳಗೆ ಸ್ವಲ್ಪ ಹುಲ್ಲು ಹಾಕಿ, ಡಬ್ಬಿಯ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಳ್ಳಿ.