ಓದುಗರ ಪ್ರಶ್ನೆ: ಫರೋ ದ್ವೀಪಗಳಲ್ಲಿ ಕೆಳದರ್ಜೆಯ ಫುಟ್‌ಬಾಲ್

ಪ್ರಶ್ನೆ: ಉದ್ಯೋಗದ ನಿಮಿತ್ತ ಕೋಪನ್‌ಹೇಗನ್‌ನಲ್ಲಿ ನೆಲೆಸಿದ್ದೇನೆ. ಬರುವ ಬೇಸಿಗೆಯಲ್ಲಿ ಒಂದು ವಾರ ಫರೋ ದ್ವೀಪಗಳಿಗೆ ಹೋಗಿ ಅಲ್ಲಿಯ ಫುಟ್‌ಬಾಲ್ ನೋಡುವ ಆಸೆಯಿದೆ. ಅಲ್ಲಿಯ ಒಟ್ಟು ಜನಸಂಖ್ಯೆ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲವಂತೆ. ಮೊದಲ ದರ್ಜೆಯ ಲೀಗ್ ಬಿಟ್ಟರೆ ಬೇರೆ ನೋಡುವಂಥದ್ದು ಇದೆಯೇ?
– ಒಬ್ಬ ಓದುಗ, ಕೋಪನ್‌ಹೇಗನ್

ಉತ್ತರ: ಖಂಡಿತ ಇದೆ. ನನ್ನ ಮಟ್ಟಿಗೆ ಮುಖ್ಯವಾಗಿ ನೋಡಬೇಕಾದದ್ದೇ ಅದು. ಡೆನ್ಮಾರ್ಕ್ ರಾಜಸತ್ತೆಯೊಳಗೆ ಸ್ವಯಮಾಡಳಿತವಿರುವ ಈ 18 ದ್ವೀಪಗಳಲ್ಲಿ ಇರುವವರು ಸುಮಾರು 54 ಸಾವಿರ ಮಂದಿ. ಆದರೂ ಪುರುಷರ ಲೀಗ್ ನಾಲ್ಕು ದರ್ಜೆಗಳಲ್ಲಿ ನಡೆಯುತ್ತದೆ.

ಎರಡನೆಯ ದರ್ಜೆಯ ಅಂಕಪಟ್ಟಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ದೊಡ್ಡ ಕ್ಲಬ್ಬುಗಳ ಎರಡನೆಯ ತಂಡಗಳೂ ಅಲ್ಲಿ ಆಡುತ್ತವೆ. ತಮ್ಮದೇ ಮೊದಲ ತಂಡ ಆಡುವ ದರ್ಜೆಗೆ ಅವು ಏರುವಂತಿಲ್ಲವಾದ್ದರಿಂದ, ಪಟ್ಟಿಯ ತುದಿಯಲ್ಲಿ ನಿಂತ ತಂಡ ಅಲ್ಲೇ ಉಳಿದು, ಅದರ ಕೆಳಗಿನ ಸಣ್ಣ ಊರಿನ ತಂಡಕ್ಕೆ ಬಡ್ತಿ ಸಿಗುವುದುಂಟು. ಶಾಲೆ ಮುಗಿಸದ ಹುಡುಗನೂ ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಅನುಭವಿಯೂ ಒಂದೇ ತಂಡದಲ್ಲಿ ಆಡುವ ಇಂಥ ಪಂದ್ಯಗಳು ನನಗೆ ಬಹಳ ಪ್ರಿಯ.

ಒಂದೇ ಪ್ರಯಾಣಕ್ಕೆ ಸಮಯವಿದ್ದರೆ ದಕ್ಷಿಣ ತುದಿಯ ಸೂವುರೋಯ್ ದ್ವೀಪಕ್ಕೆ ಹೋಗಿ. ರಾಜಧಾನಿ ಟೋರ್ಸ್‌ಹಾವನ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿ. 1892ರಲ್ಲಿ ಸ್ಥಾಪನೆಯಾದ, ದ್ವೀಪಗಳಲ್ಲೇ ಅತ್ಯಂತ ಹಳೆಯ ಕ್ಲಬ್ ಟಿಬಿ ಇರುವುದು ಅಲ್ಲಿಯ ಟ್ವೋರೋಯ್ರಿಯಲ್ಲಿ. ಐದು ಸಾವಿರವೂ ಜನರಿಲ್ಲದ ಆ ದ್ವೀಪದ ಮೂರು ಕ್ಲಬ್ಬುಗಳು 2017ರಲ್ಲಿ ಒಂದಾಗಿ ಒಂದೇ ತಂಡ ಕಟ್ಟಿದವು. ಆಟಗಾರರ ಕೊರತೆಯಿರುವಲ್ಲಿ ಅದು ವಿವೇಕದ ನಿರ್ಧಾರವೇ ಆಗಿತ್ತು. ಆದರೆ ಎರಡೇ ಋತುಗಳಲ್ಲಿ ಅವು ಮತ್ತೆ ಬೇರೆಯಾದವು. ಲೆಕ್ಕಾಚಾರಕ್ಕೆ ಒಪ್ಪುವ ಒಗ್ಗಟ್ಟು ಊರಿನ ಅಭಿಮಾನಕ್ಕೆ ಒಪ್ಪಲಿಲ್ಲವೆಂದು ನಾನು ತಿಳಿಯುತ್ತೇನೆ. ಆ ಅಭಿಮಾನವನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು.

ಇಂಥ ನೆಲದಿಂದಲೇ ಅಲ್ಲಿಯ ದೊಡ್ಡ ಗೆಲುವುಗಳು ಬಂದಿವೆ. 1990ರ ಸೆಪ್ಟೆಂಬರ್ 12ರಂದು ಫರೋ ತಂಡ ತನ್ನ ಮೊದಲ ಯುರೋ ಅರ್ಹತಾ ಪಂದ್ಯದಲ್ಲಿ ಆಸ್ಟ್ರಿಯಾವನ್ನು 1–0ರಿಂದ ಸೋಲಿಸಿತು. ತವರಿನಲ್ಲಿ ಹುಲ್ಲಿನ ಮೈದಾನವಿಲ್ಲದೆ ಆ ಪಂದ್ಯವನ್ನು ಸ್ವೀಡನ್ನಿನ ಲ್ಯಾಂಡ್ಸ್‌ಕ್ರೋನಾದಲ್ಲಿ ಆಡಬೇಕಾಯಿತು. ಗೋಲು ಹೊಡೆದ ಟೋರ್ಕಿಲ್ ನೀಲ್ಸನ್ ಮರಮುಟ್ಟಿನ ವ್ಯಾಪಾರದಲ್ಲಿದ್ದವರು. ಉಣ್ಣೆಯ ಕುಚ್ಚಿನ ಟೊಪ್ಪಿಗೆ ತೊಟ್ಟು ಗೋಲು ಕಾದ ಯೆನ್ಸ್ ಮಾರ್ಟಿನ್ ಕ್ನುಡ್ಸನ್ ಮೀನಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವರು. 2023ರಲ್ಲಿ ಕ್ಲಾಕ್ಸ್‌ವೀಕ್ ಊರಿನ ಕೆಐ ತಂಡ ಬುಡಾಪೆಸ್ಟ್‌ನಲ್ಲೇ ಫೆರೆಂಟ್ಸ್‌ವಾರೋಷ್ ತಂಡವನ್ನು 3–0ರಿಂದ ಮಣಿಸಿತು; ಮುಂದೆ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತ ಮುಟ್ಟಿ, ಐರೋಪ್ಯ ಟೂರ್ನಿಯಲ್ಲಿ ಅಷ್ಟು ದೂರ ಸಾಗಿದ ಮೊದಲ ಫರೋ ಕ್ಲಬ್ ಎನಿಸಿತು.

ಐಯಿ ಎಂಬ ಹಳ್ಳಿಯ ಹಳೆಯ ಮೈದಾನವನ್ನೂ ನೋಡಿ ಬನ್ನಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಕೆರೆ. ನಡುವಿನ ಆ ಪಟ್ಟಿಯಲ್ಲಿ ಹಿಂದೆ ಪಂದ್ಯಗಳು ನಡೆಯುತ್ತಿದ್ದವು, ಈಗ ಪ್ರವಾಸಿಗರು ಡೇರೆ ಹಾಕುತ್ತಾರೆ.

ಲೀಗ್ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಪಂದ್ಯಗಳ ವೇಳಾಪಟ್ಟಿ ನೋಡಿಕೊಳ್ಳಿ. ಟ್ವೋರೋಯ್ರಿಯ ಪಂದ್ಯ ಸಂಜೆಗಿದ್ದರೆ, ಮರಳುವ ಹಡಗಿನ ಹೊತ್ತನ್ನು ವಿಚಾರಿಸಿ, ರಾತ್ರಿ ಅಲ್ಲೇ ತಂಗುವ ಏರ್ಪಾಡು ಮಾಡಿಕೊಳ್ಳುವುದು ಒಳಿತು.