ಬೀಡಿಯಿಂದ ಅಲ್ಲ, ಶೀಟಿನ ಧೂಳಿನಿಂದ ಬಂದ ಕ್ಯಾನ್ಸರ್: ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರು ಮುಂಬೈ ಕಡೆ ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ 14 ವರ್ಷ ದುಡಿದು ಊರಿಗೆ ಬಂದಿದ್ದರು. ಹೋದ ವರ್ಷ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್‌ನಿಂದ ತೀರಿಕೊಂಡರು. ಬೀಡಿ ಸೇದಿದ್ದಕ್ಕೇ ಬಂತು ಅಂತಾರೆ ಜನ. ಅವರ ಜೊತೆ ಹೋದವರಿಗೂ ಈಗ ದಮ್ಮು. ಎಲ್ಲ ಮನೆಯವರು ಸೇರಿ ಪರಿಹಾರ ಕೇಳಬಹುದಾ?
(ಇಂಡಿ ತಾಲ್ಲೂಕಿನ ಓದುಗರು)

ಉತ್ತರ: ಕೇಳಲೇಬೇಕು ಅಕ್ಕಾ. ಮೊದಲು ಆ ಬೀಡಿ ಮಾತು ತಲೆಯಿಂದ ತೆಗೆಯಿರಿ. ಈ ಕ್ಯಾನ್ಸರ್ ಬೀಡಿಯಿಂದ ಬರುವುದಲ್ಲ. ಇದಕ್ಕೆ ಮುಖ್ಯ ಕಾರಣ ಶೀಟಿಗೆ ಬೆರೆಸುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಧೂಳು ಒಳಗೆ ಹೋಗಿ 20ರಿಂದ 50 ವರ್ಷ ಆದಮೇಲೆ ರೋಗ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಕೆಲಸ ಬಿಟ್ಟು, ಕಾಗದ ಕಳೆದು, ಯಾರೂ ಕೇಳುವವರಿಲ್ಲದಂತಾಗಿರುತ್ತದೆ. ನಿಮಗೆ ಆಗಿರುವ ಅನ್ಯಾಯವೇ ಇದು.

ಕಲ್ನಾರಿನ ಕ್ಯಾನ್ಸರ್ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಕೆಲಸ ಬಿಟ್ಟ ಮೇಲೆ ಬಂದರೂ ಪರಿಹಾರ ಕೇಳಬಹುದು. ಅದಕ್ಕೆ ಮುಂಬೈಗೆ ಅಲೆಯಬೇಕಿಲ್ಲ, ನೀವು ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಆದರೆ ಸಾವಾದ 2 ವರ್ಷದೊಳಗೆ ಹಾಕಬೇಕು, ತಡ ಮಾಡಬೇಡಿ. ಯಜಮಾನರಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇತ್ತು ಅಂದರೆ ದಾರಿ ಬೇರೆ, ಆಗ ಅವಲಂಬಿತರ ಮಾಸಿಕ ಹಣಕ್ಕೆ ಇಎಸ್‌ಐ ಕಚೇರಿಯಲ್ಲೇ ಕೇಳಬೇಕು. ವಕೀಲರ ಖರ್ಚಿನ ಚಿಂತೆ ಬೇಡ. ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಈ ವಾರವೇ ಆಸ್ಪತ್ರೆಗೆ ಹೋಗಿ ಬಯಾಪ್ಸಿ ವರದಿ, ಕೇಸ್ ಶೀಟ್ ತೆಗೆದುಕೊಳ್ಳಿ. ಆಸ್ಪತ್ರೆಯವರು ದಾಖಲೆ ಇಡಬೇಕಾದದ್ದು 3 ವರ್ಷ ಮಾತ್ರ. ಪಿಎಫ್ ನಂಬರ್, ಗೇಟ್ ಪಾಸ್, ಹಳೇ ಸಂಬಳದ ಚೀಟಿ ಏನು ಸಿಕ್ಕರೂ ಬಿಡಬೇಡಿ. ಏನೂ ಸಿಗದಿದ್ದರೆ ಜೊತೆಗಿದ್ದವರ ಸಾಕ್ಷಿ ಬೇಕಾಗುತ್ತದೆ, ಆ ದಮ್ಮಿರುವವರ ಹೇಳಿಕೆಯನ್ನು ಈಗಲೇ ಬರೆಸಿಕೊಳ್ಳಿ. ಕಾರ್ಖಾನೆಗೂ ಪತ್ರ ಬರೆಯಿರಿ: ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಇನ್ನು ಸೇರಿ ಕೇಳುವ ಮಾತು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಜಿಲ್ಲಾಧಿಕಾರಿ ಮತ್ತು ಕಾರ್ಮಿಕ ಇಲಾಖೆಗೆ ಒಟ್ಟಿಗೆ ಮನವಿ ಕೊಡಿ. ಗುಳೆ ಹೋಗಿ ಬಂದವರಿಗೆ ಜಿಲ್ಲಾಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಎದೆಯ ತಪಾಸಣೆ ಆಗಲಿ, ರೋಗಿ ಹಿಂದೆ ಏನು ಕೆಲಸ ಮಾಡಿದ್ದ ಅಂತ ಚೀಟಿಯಲ್ಲಿ ಬರೆಯಲಿ. ಇಷ್ಟು ಬರೆದಿದ್ದರೆ ಎಷ್ಟೋ ಮನೆಯವರು ಇವತ್ತು ಹೀಗೆ ಪರದಾಡುತ್ತಿರಲಿಲ್ಲ. ರಾಜಸ್ಥಾನದಲ್ಲಿ 2019ರ ನೀತಿಯ ಪ್ರಕಾರ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ರೋಗಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ ಅಂತ ಇದೆ. ಕಲ್ನಾರಿನವರಿಗೆ ನಮ್ಮಲ್ಲಿ ಯಾಕಾಗಬಾರದು?

ಕೊನೆಗೊಂದು ಮಾತು ಅಕ್ಕಾ. ಧೂಳು ಮೆತ್ತಿದ ಅವರ ಬಟ್ಟೆ ಕೊಡವಿ ಒಗೆದವರು ನೀವೇ ಇದ್ದೀರಿ, ಅಲ್ವಾ? ಆ ಧೂಳಿನಿಂದ ಹೆಂಡತಿ, ಮಕ್ಕಳಿಗೂ ಈ ರೋಗ ಬಂದದ್ದಿದೆ. ಹೆದರಬೇಡಿ, ಆದರೆ ಕೆಮ್ಮು, ಎದೆನೋವು, ಏದುಸಿರು ಏನಾದರೂ ಇದ್ದರೆ ಡಾಕ್ಟರ್ ಹತ್ತಿರ ಹೋಗಿ, ಬಟ್ಟೆ ಒಗೆದ ವಿಷಯವನ್ನೂ ಮರೆಯದೆ ಹೇಳಿ.